ಮೋಟಾರು ಪೇಟೆಯಲ್ಲಿ ಸಿಗುತ್ತದೆ, ಹಲ್ಲಿನ ಲೆಕ್ಕ ಶಾಲೆಯಲ್ಲಿ ಸಿಗಬೇಕು

ಕಳೆದ ದೀಪಾವಳಿ ಸೂಟಿ ಮುಗಿದ ಮೊದಲ ಶನಿವಾರ. ಬೆಳಗಿನ ಶಾಲೆ ಮುಗಿಸಿಕೊಂಡು ಮನೆ ಕಡೆ ಹೊರಟಿದ್ದೆ. ಹಳ್ಳ ದಾಟಿದ ಮೇಲೆ ಒಂದು ಏರು ಇದೆ. ಅಲ್ಲಿ ನಮ್ಮ ಶಾಲೆಯಿಂದ ಏಳನೆಯ ಇಯತ್ತೆ ಪಾಸಾಗಿ ಹೋದ ಹುಡುಗನೊಬ್ಬ ಸೈಕಲ್ ತಳ್ಳುತ್ತಾ ನಡೆದಿದ್ದ. ಈಗ ಅವನು ಏಳು ಕಿಲೋಮೀಟರ್ ದೂರದ ಕನ್ನಡ ಹೈಸ್ಕೂಲಿನಲ್ಲಿ ಹತ್ತನೆಯ ಇಯತ್ತೆ. ಸೈಕಲ್ ಯಾಕೋ ವಿಚಿತ್ರವಾಗಿ ಕಂಡಿತು. ಹತ್ತಿರ ಹೋಗಿ ನೋಡಿದರೆ ಹಿಂದಿನ ಗಾಲಿಯ ಎಡಕ್ಕೆ ಒಂದು ಮೋಟಾರು, ಕ್ಯಾರಿಯರ್ ಮೇಲೆ ಎರಡು ಬ್ಯಾಟರಿ! ಗೊಬ್ಬರದ ಚೀಲದಲ್ಲಿ ಸುತ್ತಿ, ಹಳೇ ಟ್ಯೂಬಿನಿಂದ ಬಿಗಿದಿದ್ದ.

"ಏನ್ ತಮ್ಮಾ, ಮೋಟಾರ್ ಇದ್ದೂ ತಳ್ಳಾಕ ಹತ್ತೀಯಲ್ಲ?" ಅಂದೆ.

"ಸಪಾಟ ರಸ್ತೆದಾಗ ಚಲೋ ಓಡ್ತೈತ್ರಿ ಸರ್. ಏರು ಬಂದ್ರ ಗುಂಯ್ ಅಂತ ನಿಂತ ಬಿಡ್ತೈತಿ. ವಾಯರ್ ಬಿಸಿ ಆಗ್ತೈತಿ. ಇನ್ನೂ ದೊಡ್ಡ ಮೋಟಾರ್ ಹಾಕ್ಬೇಕು ಅಂತ ಗ್ಯಾರೇಜ್ ಕಾಕಾ ಹೇಳ್ಯಾರ್ರಿ."

"ಹಿಂದಿನ ಚಕ್ಕರ ಎಷ್ಟು ಹಲ್ಲಿಂದು?"

"ಎಣಿಸಿಲ್ರಿ ಸರ್."

ಅವನಿಗೆ ಅನುಪಾತದ ಪಾಠ ಹೇಳಿಕೊಟ್ಟವನು ನಾನೇ. ಆ ಘಟಕದ ಪರೀಕ್ಷೆಯಲ್ಲಿ ಹತ್ತಕ್ಕೆ ಎಂಟು ತೆಗೆದಿದ್ದ ಅಂತ ನನಗಿನ್ನೂ ನೆನಪಿದೆ. ಐದು ಪೆನ್ನಿಗೆ ಇಷ್ಟು ರೂಪಾಯಿಯಾದರೆ ಎಂಟು ಪೆನ್ನಿಗೆ ಎಷ್ಟು, ಹನ್ನೆರಡು ಆಳು ಆರು ದಿನದಲ್ಲಿ ಮಾಡುವ ಕೆಲಸ... ಎಲ್ಲ ಬಿಡಿಸುತ್ತಿದ್ದ. ಆದರೆ ತಾನೇ ಕಟ್ಟಿದ ಸೈಕಲ್ಲಿನ ಹಲ್ಲು ಎಣಿಸಬೇಕು ಅಂತ ಅವನಿಗೆ ಹೊಳೆದಿಲ್ಲ. ತಪ್ಪು ಅವನದಲ್ಲ. ಆ ಲೆಕ್ಕ ಪೆನ್ನಿಗೆ ಸಂಬಂಧಪಟ್ಟದ್ದು ಅಂತ ಕಲಿಸಿದವನು ನಾನು.

ಇನ್ನೊಂದು ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ಕೆಲವು ವರ್ಷದ ಹಿಂದೆ ಒಂದು ವಿಜ್ಞಾನ ಪ್ರದರ್ಶನದಲ್ಲಿ ನಾನು ಪರೀಕ್ಷಕನಾಗಿ ಕೂತಿದ್ದೆ. ಒಬ್ಬ ಹುಡುಗ ಮೋಟಾರು ಹಾಕಿದ ಸೈಕಲ್ಲನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಸ್ವಿಚ್ ಒತ್ತಿದ. ಗಾಲಿ ಗರಗರ ತಿರುಗಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು, ಮೊದಲ ಬಹುಮಾನ ಕೊಟ್ಟೆವು. ಎಷ್ಟು ಹಲ್ಲು ಅಂತ ಕೇಳಲಿಲ್ಲ, ಭಾರ ಹೊತ್ತು ಓಡುತ್ತದೆಯೇ ಅಂತ ಕೇಳಲಿಲ್ಲ, ಬ್ರೇಕ್ ಹಿಡಿಯುತ್ತದೆಯೇ ಅಂತಲೂ ಕೇಳಲಿಲ್ಲ. ಗಾಳಿಯಲ್ಲಿ ತಿರುಗುವ ಗಾಲಿಗೆ ಬಹುಮಾನ ಕೊಟ್ಟು ಊಟ ಮಾಡಿಕೊಂಡು ಬಂದೆವು!

ಗಡಿಯಾಚೆಯ ನಮ್ಮ ಕನ್ನಡ ಶಾಲೆಗಳ ಬಂಧುಗಳಿಗೆ ಇವತ್ತು ನಾನು ಹೇಳಬೇಕಾದದ್ದು ಇದೇ. ಸೈಕಲ್ಲಿಗೆ ಮೋಟಾರು ಕೂಡಿಸುವುದರಲ್ಲಿ ಮೋಟಾರು ದೊಡ್ಡ ಮಾತಲ್ಲ, ಅದು ದುಡ್ಡು ಕೊಟ್ಟರೆ ಸಿಗುತ್ತದೆ. ಮೋಟಾರಿನ ತಿರುಗಣೆಯನ್ನು ಗಾಲಿಗೆ ಮುಟ್ಟಿಸುವ ಹಲ್ಲು, ಚೈನು, ಪಟ್ಟಾದ ಲೆಕ್ಕವೇ ನಿಜವಾದ ವಿದ್ಯೆ. ಅದು ನಮ್ಮ ಕನ್ನಡ ಪಠ್ಯಪುಸ್ತಕದಲ್ಲಿ ಆಗಲೇ ಇದೆ. ನಾವು ಅದನ್ನು ಪುಸ್ತಕದಿಂದ ಹೊರಗೆ ತೆಗೆಯುತ್ತಿಲ್ಲ, ಅಷ್ಟೇ.

ಲೆಕ್ಕ ಏನು ಅಂತ ನೋಡೋಣ. ಬೇಕಾದರೆ ಒಂದು ಹಾಳೆ, ಪೆನ್ನು ತೆಗೆದುಕೊಳ್ಳಿ.

ನಮ್ಮ ಕಡೆಯ ದೊಡ್ಡ ಸೈಕಲ್ಲಿನ ಗಾಲಿ 28 ಇಂಚಿನದು. ಟೈರಿನ ಮೇಲೆ ಸುಣ್ಣದ ಗುರುತು ಹಾಕಿ ಒಂದು ಸುತ್ತು ಉರುಳಿಸಿದರೆ ನೆಲದ ಮೇಲೆ ಸುಮಾರು 2.2 ಮೀಟರ್ ಬರುತ್ತದೆ. ಸಣ್ಣ ಬ್ಯಾಟರಿ ಮೋಟಾರೊಂದು ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ ಅಂತ ಇಟ್ಟುಕೊಳ್ಳಿ. ಅದನ್ನು ನೇರವಾಗಿ ಗಾಲಿಗೆ ಜೋಡಿಸಿದರೆ ಏನಾಗಬೇಕು? ನಿಮಿಷಕ್ಕೆ 6600 ಮೀಟರ್, ಅಂದರೆ ತಾಸಿಗೆ 396 ಕಿಲೋಮೀಟರ್! ಮಕ್ಕಳಿಗೆ ಹೇಳಿದರೆ ಹೋ ಅಂತ ನಗುತ್ತಾರೆ. ನಗಲಿ, ಆಮೇಲೆ ಕೇಳಿ, ಹಾಗೆ ಓಡುತ್ತದೆಯೇ ಅಂತ. ಓಡುವುದಿಲ್ಲ, ಜಾಗ ಬಿಟ್ಟು ಕದಲುವುದೂ ಇಲ್ಲ. ಮೋಟಾರಿಗೆ ವೇಗ ಹೆಚ್ಚು, ತಿರುಚುವ ಬಲ ಕಡಿಮೆ. ಗಾಲಿಗೆ ಬೇಕಾದದ್ದು ಇದರ ಉಲ್ಟಾ. ಕಡಿಮೆ ವೇಗ, ಹೆಚ್ಚು ಬಲ.

ನಮಗೆ ತಾಸಿಗೆ 20 ಕಿಲೋಮೀಟರ್ ಸಾಕು. ಅಂದರೆ ನಿಮಿಷಕ್ಕೆ 333 ಮೀಟರ್. ಅದನ್ನು 2.2ರಿಂದ ಭಾಗಿಸಿದರೆ ಗಾಲಿ ನಿಮಿಷಕ್ಕೆ 151 ಸುತ್ತು ತಿರುಗಬೇಕು. ಮೋಟಾರು 3000, ಗಾಲಿ 151. ಅನುಪಾತ ಹೆಚ್ಚು ಕಡಿಮೆ 20ಕ್ಕೆ 1. ಮೋಟಾರು 20 ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು. ವೇಗ 20 ಪಟ್ಟು ಇಳಿದರೆ, ಸವಕಳಿ ಬಿಟ್ಟು, ತಿರುಚುವ ಬಲ ಅಷ್ಟೇ ಪಟ್ಟು ಏರುತ್ತದೆ. ಕಬ್ಬಿನ ಗಾಣದಲ್ಲೂ ಇದೇ ವ್ಯವಹಾರ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವುದು. ಪುಕ್ಕಟೆ ಏನೂ ಇಲ್ಲ.

ಸರಿ, 20ಕ್ಕೆ 1 ಮಾಡುವುದು ಹೇಗೆ? ಮೋಟಾರಿನ ಮೇಲೆ 9 ಹಲ್ಲಿನ ಚಕ್ರ ಇದ್ದರೆ ಗಾಲಿಯ ಮೇಲೆ 180 ಹಲ್ಲಿನದು ಬೇಕು. ಸೈಕಲ್ ಚೈನಿನಲ್ಲಿ ಹಲ್ಲಿನಿಂದ ಹಲ್ಲಿಗೆ ಅರ್ಧ ಇಂಚು. 180 ಹಲ್ಲು ಅಂದರೆ 90 ಇಂಚಿನ ಸುತ್ತಳತೆ. ಅದನ್ನು 3.14ರಿಂದ ಭಾಗಿಸಿ ನೋಡಿ... 28 ಇಂಚು ಮೀರಿದ ವ್ಯಾಸ! ಚಕ್ರ ಗಾಲಿಗಿಂತ ದೊಡ್ಡದಾಯಿತು, ನೆಲಕ್ಕೆ ತಾಗುತ್ತದೆ. ಅದಕ್ಕೇ ಒಂದೇ ಹಂತದಲ್ಲಿ ಇಳಿಸುವುದಿಲ್ಲ, ಎರಡು ಹಂತ ಮಾಡುತ್ತಾರೆ. ಮೊದಲ ಹಂತದಲ್ಲಿ 10ಕ್ಕೆ 1, ಎರಡನೆಯದರಲ್ಲಿ 2ಕ್ಕೆ 1. ಪೇಟೆಯಲ್ಲಿ ಸಿಗುವ 24 ವೋಲ್ಟಿನ ಗೇರ್ ಮೋಟಾರುಗಳಲ್ಲಿ ಮೊದಲ ಹಂತ ಡಬ್ಬಿಯೊಳಗೇ ಇರುತ್ತದೆ, ಹೊರಗಿನ ದಂಡ ನಿಮಿಷಕ್ಕೆ 300ರ ಆಸುಪಾಸು ತಿರುಗುತ್ತದೆ. ಅದರ ಮೇಲೆ 9 ಹಲ್ಲು, ಗಾಲಿಯ ಮೇಲೆ 18 ಹಲ್ಲು. ಗಾಲಿಗೆ 150 ಸುತ್ತು, ತಾಸಿಗೆ ಸುಮಾರು 20 ಕಿಲೋಮೀಟರ್. ಲೆಕ್ಕ ಕೂಡಿತು!

ಈಗ ನಮ್ಮ ಹುಡುಗನ ಸೈಕಲ್ಲಿಗೆ ಬರೋಣ. ಏರಿನಲ್ಲೇ ನಿಂತು ಇಬ್ಬರೂ ಹಲ್ಲು ಎಣಿಸಿದೆವು. ಮೋಟಾರಿನ ಮೇಲೆ 9, ಗಾಲಿಯ ಮೇಲೆ 14. ಜೋರಾಗಿ ಓಡಲಿ ಅಂತ ಅವನೇ ಸಣ್ಣದನ್ನು ಆರಿಸಿ ಹಾಕಿಸಿದ್ದನಂತೆ. 300ನ್ನು 9ರಿಂದ ಗುಣಿಸಿ 14ರಿಂದ ಭಾಗಿಸಿದರೆ 193 ಸುತ್ತು, ಅಂದರೆ ತಾಸಿಗೆ 25 ಕಿಲೋಮೀಟರಿಗೂ ಮೇಲೆ. ಸಪಾಟ ರಸ್ತೆಯಲ್ಲಿ ಚಲೋ. ಆದರೆ ಏರಿನಲ್ಲಿ?

ಹುಡುಗ, ಸೈಕಲ್ಲು, ಬ್ಯಾಟರಿ, ದಪ್ತರ ಎಲ್ಲ ಕೂಡಿ 90 ಕಿಲೋ ಅನ್ನಿ. ಆ ಏರು ಇಪ್ಪತ್ತು ಮೀಟರಿಗೆ ಒಂದು ಮೀಟರ್ ಏರುತ್ತದೆ ಅನ್ನಿ. 90ರ ಇಪ್ಪತ್ತನೇ ಒಂದು ಭಾಗ ನಾಲ್ಕೂವರೆ ಕಿಲೋ. ಟೈರು ನೆಲಕ್ಕೆ ಉಜ್ಜುವುದಕ್ಕೆ ಇನ್ನೊಂದು ಕಿಲೋ ಸೇರಿಸಿ. ಐದೂವರೆ ಕಿಲೋ ಭಾರವನ್ನು ಸದಾ ಎಳೆಯುತ್ತಿರಬೇಕು, ವಿಜ್ಞಾನದ ಪುಸ್ತಕದ ಪ್ರಕಾರ ಸುಮಾರು 54 ನ್ಯೂಟನ್ ಬಲ. ತಾಸಿಗೆ 25 ಕಿಲೋಮೀಟರಿನಲ್ಲಿ, ಅಂದರೆ ಸೆಕೆಂಡಿಗೆ 7 ಮೀಟರಿನಲ್ಲಿ ಎಳೆಯಬೇಕಾದರೆ 378 ವ್ಯಾಟ್ ಬೇಕು. ಮೋಟಾರು 250 ವ್ಯಾಟಿನದು, ಹಲ್ಲು ಚೈನುಗಳ ಸವಕಳಿ ಕಳೆದರೆ ಗಾಲಿಗೆ ಮುಟ್ಟುವುದು 200ರ ಹತ್ತಿರ. ಮೋಟಾರು ಸೋಲುತ್ತದೆ. ಸೋತು ನಿಧಾನವಾದ ಹಾಗೆ ಹೆಚ್ಚು ಹೆಚ್ಚು ಕರೆಂಟು ಎಳೆಯುತ್ತದೆ. ವಾಯರು ಬಿಸಿಯಾಗುವುದು ಅದಕ್ಕೇ. ಹಾಗೇ ಬಿಟ್ಟರೆ ಸುಟ್ಟೇ ಹೋಗುತ್ತದೆ.

ದೊಡ್ಡ ಮೋಟಾರು ಹಾಕಿದರೆ? ದೊಡ್ಡ ಬ್ಯಾಟರಿ ಬೇಕು, ಭಾರ ಹೆಚ್ಚುತ್ತದೆ, ಮನೆಯಲ್ಲಿ ದುಡ್ಡು ಬೇಕು. ಅದರ ಬದಲು ಗಾಲಿಯ ಮೇಲೆ 28 ಹಲ್ಲಿನ ಚಕ್ರ ಹಾಕಿದರೆ? ಗಾಲಿ ನಿಮಿಷಕ್ಕೆ 96 ಸುತ್ತು, ತಾಸಿಗೆ ಹನ್ನೆರಡೂವರೆ ಕಿಲೋಮೀಟರಿಗೆ ಸ್ವಲ್ಪ ಮೇಲೆ. ಅದೇ ಏರಿಗೆ ಈಗ 190 ವ್ಯಾಟ್ ಸಾಕು. ಸ್ವಲ್ಪ ಪೆಡಲ್ ತುಳಿದುಕೊಟ್ಟರೆ ಅದೇ ಮೋಟಾರು, ಅದೇ ಬ್ಯಾಟರಿ ಏರು ಹತ್ತುತ್ತವೆ. ಗುಜರಿ ಅಂಗಡಿಯಲ್ಲಿ ಹಳೇ ಗೇರ್ ಸೈಕಲ್ಲಿನ ದೊಡ್ಡ ಚಕ್ರ ಸಿಕ್ಕಿತು. ಗ್ಯಾರೇಜ್ ಕಾಕಾ ಅದನ್ನು ಹೊಂದಿಸಿ ಕೊಟ್ಟರು. ಶಾಲೆಯ ಹಿಂದಿನ ಹೊಲದ ದಾರಿಯಲ್ಲಿ ಅಂಥದೇ ಏರು ಇದೆ. ಸೈಕಲ್ಲು ನಿಲ್ಲದೆ ಹತ್ತಿತು. ಕಾಕಾ ನನ್ನ ಕಡೆ ನೋಡಿ, "ಸರ್, ನಾ ಇಪ್ಪತ್ ವರ್ಷದಿಂದ ಅಂದಾಜಿನ ಮ್ಯಾಲೆ ಹಾಕ್ಕೋತ ಬಂದೇನ್ರಿ. ಇದು ಲೆಕ್ಕದಾಗೂ ಬರ್ತೈತಿ ಅಂತ ಗೊತ್ತಿರಲಿಲ್ಲ" ಅಂದರು. ನಾನಂದೆ, "ಕಾಕಾ, ನನಗ ಲೆಕ್ಕ ಗೊತ್ತಿತ್ತು, ಸೈಕಲ್ಲಿನಾಗ ಐತಿ ಅಂತ ಗೊತ್ತಿರಲಿಲ್ಲ."

ಕಾಕಾನಿಂದ ನಾನೂ ಬಹಳ ಕಲಿತೆ. ಎರಡು ಚಕ್ರ ಒಂದೇ ಸಾಲಿನಲ್ಲಿ ಇವೆಯೇ ಅಂತ ನೋಡಲು ದಾರ ಎಳೆದು ಹಿಡಿಯಬೇಕು. ಸಾಲು ತಪ್ಪಿದರೆ ಚೈನು ಹಲ್ಲಿನ ಪಕ್ಕ ತಿನ್ನುತ್ತಾ ಕೊನೆಗೆ ಜಾರುತ್ತದೆ. ಚೈನು ಬಿಗಿಯಾದರೆ ಬೇರಿಂಗ್ ಹೋಗುತ್ತದೆ, ಸಡಿಲಾದರೆ ಹಲ್ಲು ಹಾರುತ್ತದೆ. ನಡುವೆ ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಆಡಬೇಕು. ಮೋಟಾರಿನ ಚೈನಿಗೂ ಪೆಡಲಿನ ಚೈನಿಗೂ ಬೇರೆ ಬೇರೆ ಫ್ರೀವೀಲ್ ಇರಲೇಬೇಕು. ಇಲ್ಲದಿದ್ದರೆ ಮೋಟಾರು ತಿರುಗಿದಾಗ ಪೆಡಲೂ ತಿರುಗಿ ಕಾಲಿಗೆ ಬಡಿಯುತ್ತದೆ, ಮೋಟಾರು ಬಂದಾದಾಗ ಅದನ್ನೂ ಎಳೆದುಕೊಂಡು ತುಳಿಯಬೇಕಾಗುತ್ತದೆ. ಬಲಗಡೆಯ ಫ್ರೀವೀಲನ್ನು ತಂದು ಎಡಕ್ಕೆ ಹಾಕಿದರೆ ಹಿಡಿಯಬೇಕಾದ ದಿಕ್ಕಿಗೆ ಸುಮ್ಮನೆ ಜಾರುತ್ತದೆ. ಎಡಕ್ಕೆ ಎಡದ್ದೇ ಬೇಕು. ಹಲ್ಲಿನ ಚಕ್ರವನ್ನು ಸ್ಪೋಕಿಗೆ ಬಿಗಿದರೆ ಎಳೆತ ಪೂರಾ ಸ್ಪೋಕಿನ ಮೇಲೆ ಬಿದ್ದು ಒಂದೊಂದೇ ಮುರಿಯುತ್ತವೆ, ಹಬ್ಬಿಗೆ ಕೂಡಿಸಿದರೇ ಬಾಳಿಕೆ. ಇವು ಯಾವ ಪುಸ್ತಕದಲ್ಲೂ ನಾನು ಓದಿದ್ದಲ್ಲ.

ಚೈನೇ ಬೇಡ ಅನ್ನುವವರೂ ಇದ್ದರು. ಫ್ರಾನ್ಸಿನಲ್ಲಿ 1946ರಿಂದ 1988ರ ತನಕ ತಯಾರಾದ ವೆಲೋಸೊಲೆಕ್ಸ್ ಎಂಬ ಗಾಡಿಯಲ್ಲಿ ಇಂಜಿನ್ನು ಮುಂದಿನ ಗಾಲಿಯ ಮೇಲೆ ಕೂತಿರುತ್ತಿತ್ತು. ಒಂದು ಸಣ್ಣ ರೋಲರ್ ಟೈರಿಗೆ ಒತ್ತಿಕೊಂಡು ತಿರುಗಿಸುತ್ತಿತ್ತು. ಇದರಲ್ಲೂ ಅದೇ ಅನುಪಾತ. 3 ಸೆಂಟಿಮೀಟರಿನ ರೋಲರ್ 71 ಸೆಂಟಿಮೀಟರಿನ ಗಾಲಿಯನ್ನು ತಿರುಗಿಸಿದರೆ ಒಂದೇ ಹಂತದಲ್ಲಿ ಸುಮಾರು 24ಕ್ಕೆ 1 ಸಿಕ್ಕಿಬಿಡುತ್ತದೆ. ಕಟ್ಟುವುದು ಬಹಳ ಸುಲಭ. ಆದರೆ ಮಳೆಯಲ್ಲಿ ಜಾರುತ್ತದೆ, ಟೈರು ಬೇಗ ಸವೆಯುತ್ತದೆ. ನಮ್ಮ ಜಾಲಿಮುಳ್ಳಿನ ದಾರಿಯಲ್ಲಿ ಗಾಳಿ ಇಳಿದರಂತೂ ಮುಗಿಯಿತು.

ಜಪಾನಿನ ಸೊಯಿಚಿರೊ ಹೋಂಡಾ ಕೂಡ ಹೀಗೇ ಶುರು ಮಾಡಿದವರು. ಅವರ ತಂದೆ ಕಮ್ಮಾರರು, ಸೈಕಲ್ ರಿಪೇರಿ ಮಾಡುತ್ತಿದ್ದರು. ಯುದ್ಧ ಮುಗಿದ ಮೇಲೆ 1946ರಲ್ಲಿ ಸೈನ್ಯದ ರೇಡಿಯೋ ಜನರೇಟರಿನ ಸಣ್ಣ ಇಂಜಿನ್ನನ್ನು ಸೈಕಲ್ಲಿಗೆ ಕೂಡಿಸಿದರು. ಮೊದಲು ಪೆಟ್ರೋಲ್ ಟಾಕಿಯಾಗಿ ಬಳಸಿದ್ದು ಹಾಸಿಗೆ ಬೆಚ್ಚಗಿಡಲು ಬಿಸಿನೀರು ತುಂಬುವ ಡಬ್ಬಿ! ಮುಂದಿನ ಗಾಲಿಗೆ ರೋಲರ್ ಹಚ್ಚಿ ನೋಡಿದರು, ಸರಿಬರಲಿಲ್ಲ. ಆಮೇಲೆ ಹಿಂದಿನ ಗಾಲಿಗೆ ಪಟ್ಟಾ ಹಾಕಿದರು, ನಮ್ಮ ಹಿಟ್ಟಿನ ಗಿರಣಿಯಲ್ಲಿ ಇರುತ್ತದಲ್ಲ, ಅಂಥ ವಿ ಆಕಾರದ ಪಟ್ಟಾ. ಹೆಂಡತಿ ಸಾಚಿ ಅದನ್ನು ಓಡಿಸಿ ನೋಡಿದರು. ಜನ ಅದರ ಸದ್ದು ಕೇಳಿ ಬಟಬಟ ಅಂದರು, ನಮ್ಮ ಹಿರಿಯರು ಫಟಫಟಿ ಅಂದ ಹಾಗೆ. ಎರಡು ವರ್ಷಕ್ಕೆ, 1948ರಲ್ಲಿ, ಹೋಂಡಾ ಮೋಟಾರ್ ಕಂಪನಿ ಆಯಿತು. ಗಮನಿಸಿ, ಅವರಿಗೆ ಸಿಕ್ಕ ಇಂಜಿನ್ನು ಬೇರೆಯವರು ಮಾಡಿದ್ದು. ತಲೆ ಓಡಿಸಿದ್ದು ಅದನ್ನು ಗಾಲಿಗೆ ಮುಟ್ಟಿಸುವುದರಲ್ಲಿ.

ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಸಾಂಗಲಿ ಜಿಲ್ಲೆಯಲ್ಲೇ ಕಿರ್ಲೋಸ್ಕರವಾಡಿ ಇದೆ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬೈಯ ತಾಂತ್ರಿಕ ಶಾಲೆಯಲ್ಲಿ ಮಾಸ್ತರರಾಗಿದ್ದವರು. ಅವರ ಉದ್ಯಮದ ಮೂಲ 1888ರಲ್ಲಿ ಬೆಳಗಾವಿಯಲ್ಲಿ ಶುರುವಾದ ಸೈಕಲ್ ಅಂಗಡಿ. ಅಲ್ಲಿಂದ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು, 1910ರಲ್ಲಿ ಆಗಿನ ಔಂಧ ಸಂಸ್ಥಾನದ ಬರಡು ನೆಲದಲ್ಲಿ ಕಾರ್ಖಾನೆ. ಮಾಸ್ತರಿಕೆಯೂ ಸೈಕಲ್ಲೂ ಒಂದೇ ಕೈಯಲ್ಲಿ ಇದ್ದದ್ದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ?

ಇರಲಿ. ಈಗ ಎರಡು ತರಹದ ಜನರ ಬಗ್ಗೆ ಹೇಳಬೇಕು. ಒಬ್ಬರು, "ಹತ್ತನೇ ಇಯತ್ತೆ ಹುಡುಗ, ಓದೂದು ಬಿಟ್ಟು ಕಬ್ಬಣ ಹಿಡದಾನ. ಬೈದು ಬಿಡಸ್ರಿ" ಅನ್ನುವವರು. ಇನ್ನೊಬ್ಬರು, ಮೊಬೈಲಿನಲ್ಲಿ ವಿಡಿಯೋ ಮಾಡಿ "ಗಡಿನಾಡ ಕನ್ನಡ ಕುವರನ ಅದ್ಭುತ ಆವಿಷ್ಕಾರ" ಅಂತ ಗುಂಪುಗಳಿಗೆಲ್ಲ ಕಳಿಸುವವರು, ಶಾಲು ಹೊದಿಸುವವರು. ನನ್ನ ಪ್ರಕಾರ ಇಬ್ಬರೂ ಹುಡುಗನಿಗೆ ಒಳ್ಳೆಯದು ಮಾಡುತ್ತಿಲ್ಲ. ಮೊದಲನೆಯವರು ಅವನ ಕೈಯಲ್ಲಿದ್ದ ಗಣಿತವನ್ನೇ ಕಸಿದುಕೊಳ್ಳುತ್ತಾರೆ. ಎರಡನೆಯವರು, ಆಗಬೇಕಾದದ್ದೆಲ್ಲ ಆಗಿಹೋಯಿತು ಅಂತ ಅವನನ್ನು ನಂಬಿಸುತ್ತಾರೆ. ಇದು ಆವಿಷ್ಕಾರ ಅಲ್ಲ, ಜಗತ್ತು ನೂರು ವರ್ಷಕ್ಕೂ ಮೇಲಾಗಿ ಮಾಡುತ್ತಾ ಬಂದದ್ದು. ಇದು ಅಭ್ಯಾಸ. ಅಭ್ಯಾಸಕ್ಕೆ ಶಾಲು ಬೇಡ. ಪಕ್ಕದಲ್ಲಿ ನಿಂತು "ಎಷ್ಟು ಹಲ್ಲು?" ಅಂತ ಕೇಳುವ ಒಬ್ಬ ಮಾಸ್ತರ ಬೇಕು.

ನಮ್ಮ ಶಾಲೆಗಳಿಗೆ ಇದು ಯಾಕೆ ಹೆಚ್ಚು ಮುಖ್ಯ ಅಂತೀರಾ? ಗಡಿಯಾಚೆಯ ಕನ್ನಡ ಹುಡುಗರ ಮನಸ್ಸಿನಲ್ಲಿ ಒಂದು ಮಾತು ಕೂತುಬಿಟ್ಟಿದೆ. ಕನ್ನಡ ಅಂದರೆ ಪದ್ಯ, ಕತೆ, ರಾಜ್ಯೋತ್ಸವ. ಯಂತ್ರ ಅಂದರೆ ಮರಾಠಿ, ಇಂಗ್ಲಿಷ್. ಹತ್ತನೆಯದು ಮುಗಿಸಿ ಐ.ಟಿ.ಐ.ಗೆ ಹೋದವನು ಅಲ್ಲಿಯ ಮಾತು ಕೇಳಿಯೇ ಹಿಂದೆ ಸರಿಯುತ್ತಾನೆ. ಮರಾಠಿ ಶಾಲೆಯಲ್ಲಿ ಗುಣೋತ್ತರ ಅಂತಾರೆ, ಗ್ಯಾರೇಜಿನಲ್ಲಿ ರೇಶೋ ಅಂತಾರೆ, ನಾವು ಅನುಪಾತ ಅಂತೀವಿ. ವಸ್ತು ಒಂದೇ. ವಸ್ತುವನ್ನು ಕೈಯಲ್ಲಿ ಹಿಡಿದು ತನ್ನ ಭಾಷೆಯಲ್ಲಿ ತಿಳಿದವನಿಗೆ ಇನ್ನೆರಡು ಹೆಸರು ಕಲಿಯುವುದು ಒಂದು ದಿನದ ಕೆಲಸ. ಬರೀ ಹೆಸರು ಬಾಯಿಪಾಠ ಮಾಡಿದವನಿಗೆ ಹೊಸ ಹೆಸರು ಕಂಡರೆ ಅಂಜಿಕೆ. ಕನ್ನಡ ಶಾಲೆ ಉಳಿಯಬೇಕು ಅಂತ ನಾವೆಲ್ಲ ಅರ್ಜಿ ಕೊಡುತ್ತೇವೆ, ಕೊಡಲೇಬೇಕು. ಜೊತೆಗೆ ಕನ್ನಡದಲ್ಲಿ ಕಲಿತ ಲೆಕ್ಕದಿಂದ ಸೈಕಲ್ಲು ಏರು ಹತ್ತುತ್ತದೆ ಅಂತ ತಂದೆತಾಯಿಗಳಿಗೆ ಕಣ್ಣಾರೆ ತೋರಿಸಲೂ ಬೇಕು.

ಇನ್ನು ಕಹಿ ಮಾತು. ನಾನು ಆ ಹುಡುಗನಿಗೆ, ಮೋಟಾರು ಹಾಕಿದ ಸೈಕಲ್ಲನ್ನು ರಸ್ತೆಗೆ ಒಯ್ಯಬೇಡ ಅಂತ ಕಡ್ಡಾಯವಾಗಿ ಹೇಳಿದೆ. ಅವನಿಗೆ ಬೇಸರವಾಯಿತು. ಕಾರಣ ಎರಡು.

ಮೊದಲನೆಯದು ಬ್ರೇಕು. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. ಅದರ ಮೇಲೆ ಬ್ಯಾಟರಿಯ ಭಾರ ಬೇರೆ. ಹಳೇ ಸೈಕಲ್ಲಿನ ಸಳಿ ಬ್ರೇಕು ಮಳೆಯಲ್ಲಿ ನೆನೆದ ಕಬ್ಬಿಣದ ರಿಮ್ಮಿನ ಮೇಲೆ ಹೇಗೆ ಹಿಡಿಯುತ್ತದೆ ಅಂತ ನಮಗೆಲ್ಲ ಗೊತ್ತು. ಮೊದಲು ಬ್ರೇಕು, ಆಮೇಲೆ ಮೋಟಾರು. ಬ್ರೇಕ್ ಹಿಡಿದ ಕೂಡಲೇ ಮೋಟಾರಿನ ಕರೆಂಟು ಕಡಿಯುವ ಸ್ವಿಚ್ಚು ಇರಬೇಕು. ಬ್ಯಾಟರಿಯ ಬಾಯಲ್ಲೇ ಫ್ಯೂಸ್ ಇರಬೇಕು. ಎರಡೂ ಚೈನಿಗೆ ತಗಡಿನ ಮುಚ್ಚಳ ಇರಬೇಕು. ಹೆಣ್ಣುಮಕ್ಕಳ ವೇಲು, ಗಂಡಸರ ಧೋತರ ಒಂದು ಸಲ ಸಿಕ್ಕಿದರೆ ಸಾಕು.

ಎರಡನೆಯದು ಕಾಯಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಬ್ಯಾಟರಿಯ ಎರಡು ಗಾಲಿ ಗಾಡಿಯ ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ತಾಸಿಗೆ 25 ಕಿಲೋಮೀಟರಿಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋದ ಒಳಗೆ ಇದ್ದು, ಅದನ್ನು ಸರಕಾರ ಗೊತ್ತುಮಾಡಿದ ಪರೀಕ್ಷಾ ಸಂಸ್ಥೆ ನೋಡಿ ಒಪ್ಪಿದರೆ ಮಾತ್ರ ಅದು ಮೋಟಾರು ವಾಹನ ಅಲ್ಲ. ಮನೆಯಲ್ಲಿ ಕಟ್ಟಿದ್ದಕ್ಕೆ ಆ ಒಪ್ಪಿಗೆ ಎಲ್ಲಿಂದ ಬರಬೇಕು? 250 ಅಂತ ಚೀಟಿ ಇರುವ ಮೋಟಾರು ಗಡಿಯ ಮೇಲೇ ನಿಂತಿದೆ. 14 ಹಲ್ಲಿನ ಚಕ್ರವಂತೂ ವೇಗದ ಗಡಿಯನ್ನೂ ದಾಟಿಸುತ್ತಿತ್ತು. ಹಾಗಾದಾಗ ರಸ್ತೆಯ ಮೇಲೆ ಅದು ಮೋಟಾರು ವಾಹನವೇ, ನೋಂದಣಿ ಬೇಕು, ಲೈಸೆನ್ಸ್ ಬೇಕು. 2019ರ ತಿದ್ದುಪಡಿಯಾದ ಮೇಲೆ ಅಪ್ರಾಪ್ತ ಮಕ್ಕಳು ಮೋಟಾರು ವಾಹನ ನಡೆಸಿ ಅಪರಾಧಕ್ಕೆ ಸಿಕ್ಕಿದರೆ ಪಾಲಕರಿಗೆ 25 ಸಾವಿರ ದಂಡ, ಮೂರು ವರ್ಷದ ತನಕ ಸೆರೆವಾಸ ಇದೆ. ಕಬ್ಬು ಕಡಿಯಲು ಹೋಗುವ ಅಪ್ಪ ಅದನ್ನು ಎಲ್ಲಿಂದ ಕಟ್ಟಬೇಕು?

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದ. "ನನ್ನ ಸಲುವಾಗಿ ಅಲ್ರಿ ಸರ್. ತಂಗಿ ಈ ವರ್ಷ ಏಳನೇದು. ಬರೋ ವರ್ಷ ಹೈಸ್ಕೂಲಿಗೆ ಹೋಗ್ಬೇಕಲ್ರಿ. ಆ ಏರು ತುಳ್ಯಾಕ ಆಕಿಗೆ ಆಗೂದಿಲ್ಲ ಅಂತ ಅವ್ವ ಸಾಲಿ ಬಿಡಸ್ತೇನಿ ಅನ್ನಾಕತ್ತಾಳ. ಇಲ್ಲಾಂದ್ರ ಊರಾಗಿನ ಮರಾಠಿ ಸಾಲಿಗೆ ಹಾಕ್ತಾರಂತ."

ಅವಳು ನನ್ನ ತರಗತಿಯಲ್ಲೇ ಎರಡನೆಯ ಸಾಲಿನಲ್ಲಿ ಕೂಡುವ ಹುಡುಗಿ. ಹೆಣ್ಣುಮಕ್ಕಳಿಗೆ ಎಸ್.ಟಿ. ಬಸ್ಸಿನ ಪಾಸು ಪುಕ್ಕಟೆ. ಆದರೆ ಶಾಲೆಯ ಹೊತ್ತಿಗೆ ನಮ್ಮ ದಾರಿಯಲ್ಲಿ ಬಸ್ಸೇ ಇಲ್ಲದಿದ್ದರೆ ಪಾಸು ತೆಗೆದುಕೊಂಡು ಏನು ಮಾಡುವುದು? ಅದಕ್ಕೆ ಊರಿನವರೆಲ್ಲ ಸೇರಿ ಬೇರೆ ಅರ್ಜಿ ಬರೆದಿದ್ದೇವೆ.

ಅಷ್ಟರಲ್ಲಿ ಅದೇ ಲೆಕ್ಕವನ್ನು ಅವಳ ಸೈಕಲ್ಲಿಗೆ ಹಚ್ಚಿ ನೋಡೋಣ ಅಂದೆ. ಮೋಟಾರು ಬೇಡ, ಪೆಡಲಿನ ಹಲ್ಲು ಎಣಿಸು ಅಂದೆ. ಮುಂದೆ 44, ಹಿಂದೆ 18. ಒಂದು ಸಲ ಪೂರ್ತಿ ತುಳಿದರೆ ಗಾಲಿ 2.44 ಸುತ್ತು. ಹಿಂದಿನದನ್ನು 22 ಹಲ್ಲಿನದು ಮಾಡಿದರೆ ಸರಿಯಾಗಿ 2 ಸುತ್ತು. ಒಂದು ತುಳಿತಕ್ಕೆ ಹೋಗುವ ದೂರ ಕಡಿಮೆಯಾಗುತ್ತದೆ, ಆದರೆ ಕಾಲಿಗೆ ಬೀಳುವ ಒತ್ತು 22ಕ್ಕೆ 18ರಂತೆ ಇಳಿಯುತ್ತದೆ. ನೂರರಲ್ಲಿ 18 ಪಾಲು ಹಗುರ. ತಂಗಿ ತಾನೇ ಕೂತು ಲೆಕ್ಕ ಮಾಡಿದಳು. ಚೈನಿಗೆ ಕೊಂಡಿ ಕೂಡಿಸಬೇಕಾಯಿತು. ಕಾಕಾ ಫ್ರೀವೀಲಿನ ದುಡ್ಡು ಮಾತ್ರ ತೆಗೆದುಕೊಂಡರು.

ಹೋದ ವಾರ ಅವಳು ಆ ಏರನ್ನು ಹತ್ತಿದಳು. ನಿಧಾನವಾಗಿ, ನಡುವೆ ಒಂದು ಸಲ ಕಾಲೂರಿ, ಆದರೆ ಇಳಿದು ತಳ್ಳದೆ. ಅವ್ವನೂ ನೋಡಿದಳು. "ಜೂನ್ ಬರ್ಲಿ, ನೋಡೋಣು" ಅಂದಿದ್ದಾಳೆ. ಇಷ್ಟು ಹೇಳಿದ್ದೇ ದೊಡ್ಡದು.

ಮೋಟಾರಿನ ಸೈಕಲ್ಲು ಈಗ ನಮ್ಮ ಶಾಲೆಯಲ್ಲಿದೆ. ಶನಿವಾರ ದಪ್ತರ ಇಲ್ಲದ ದಿನ ಅದನ್ನು ಸ್ಟ್ಯಾಂಡಿಗೆ ಹಾಕಿ ಏಳನೆಯವರಿಗೆ ಅನುಪಾತ ಕಲಿಸುತ್ತೇನೆ. ಅಣ್ಣನೇ ಬಂದು ತೋರಿಸುತ್ತಾನೆ, ಕಾಕಾನೂ ಒಂದು ಸಲ ಬಂದಿದ್ದರು. ನಿಮ್ಮ ಶಾಲೆಗೆ ಮೋಟಾರೇ ಬೇಕಾಗಿಲ್ಲ. ಒಂದು ಹಳೇ ಸೈಕಲ್ಲು, ಸುಣ್ಣದ ತುಂಡು, ಅಳತೆ ಟೇಪು ಸಾಕು. ಮಕ್ಕಳೇ ಹಲ್ಲು ಎಣಿಸಲಿ, ಗಾಲಿ ಎಷ್ಟು ಸುತ್ತು ಅಂತ ಮೊದಲು ಹೇಳಲಿ, ಆಮೇಲೆ ತಿರುಗಿಸಿ ನೋಡಲಿ. ವಿಜ್ಞಾನ ಪ್ರದರ್ಶನಕ್ಕೆ ಪರೀಕ್ಷಕರಾಗಿ ಹೋಗುವ ಗೆಳೆಯರಿಗೆ ನನ್ನದೊಂದು ವಿನಂತಿ. ಗಾಲಿ ತಿರುಗಿದ ಕೂಡಲೇ ಚಪ್ಪಾಳೆ ತಟ್ಟಬೇಡಿ. ಎಷ್ಟು ಹಲ್ಲು, ಬ್ರೇಕು ಹೇಗೆ, ಲೆಕ್ಕ ಮಾಡಿದವರು ಯಾರು, ಈ ಮೂರು ಪ್ರಶ್ನೆ ಕೇಳಿ. ಮೂರಕ್ಕೂ ಮಗು ಕನ್ನಡದಲ್ಲಿ ಉತ್ತರ ಕೊಟ್ಟರೆ ಆಗ ಜೋರಾಗಿ ತಟ್ಟಿ.

ನಿಮ್ಮ ಶಾಲೆಯಲ್ಲಿ ಇಂಥದ್ದು ಮಾಡಿದ್ದರೆ ನನಗೂ ತಿಳಿಸಿ, ನಮ್ಮ ಮಕ್ಕಳಿಗೆ ಹೇಳುತ್ತೇನೆ.